ಆ ಫ್ಲಡ್‌ಲೈಟುಗಳನ್ನು ಸ್ವಲ್ಪ ಕೆಳಗೆ ತಿರುಗಿಸಿ

ಮೊನ್ನೆ ಎಳ್ಳಮಾವಾಸ್ಯೆಗೆ ಊರಿಗೆ ಹೋಗಿದ್ದೆ. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಉಂಡು, ಸಂಜೆಗೆ ಎಲ್ಲರೂ ಮನೆಗೆ ಹೊರಟರು. ನಾನು ಟ್ರೈಪಾಡ್, ನಕ್ಷತ್ರಗಳ ಚಲನೆಗೆ ತಕ್ಕಂತೆ ಕ್ಯಾಮೆರಾ ತಿರುಗಿಸುವ ಟ್ರ್ಯಾಕರ್, ಕಂಬಳಿ ಇಟ್ಟುಕೊಂಡು ಅಲ್ಲೇ ಉಳಿದೆ. ಕೃತ್ತಿಕೆ ನಕ್ಷತ್ರಗುಂಪಿನ ಫೋಟೋ ತೆಗೆಯುವುದಕ್ಕೆ. ಚಂದ್ರ ಇಲ್ಲ, ಮೋಡ ಇಲ್ಲ, ರಾತ್ರಿ ಹತ್ತಕ್ಕೆ ಕೃತ್ತಿಕೆ ಹೆಚ್ಚುಕಡಿಮೆ ನೆತ್ತಿಯ ಮೇಲೆ. ಇಂಥ ರಾತ್ರಿಗಾಗಿ ನಾನು ವರ್ಷವಿಡೀ ಕಾಯುತ್ತೇನೆ.

ಆರೂವರೆಗೆ ಪಡುವಣ ದಿಕ್ಕಿನಲ್ಲಿ ಒಮ್ಮೆಲೇ ಎಂಟು ದೀಪ ಹತ್ತಿದವು. ಹೋದ ವರ್ಷ ಅಲ್ಲಿ ಬರೀ ಜೋಳದ ಹೊಲ ಇತ್ತು. ಈಗ ಒಂದು ಕಲ್ಯಾಣ ಮಂಟಪ ಎದ್ದಿದೆ. ಅದರ ಗೋಡೆ ಬೆಳಗಲಿ ಅಂತ ನೆಲದಲ್ಲಿ ಬಿಳಿ ಎಲ್‌ಇಡಿ ಫ್ಲಡ್‌ಲೈಟು ಹೂಳಿ ಮೇಲಕ್ಕೆ ಮುಖ ಮಾಡಿದ್ದಾರೆ. ಧನುರ್ಮಾಸ. ನಮ್ಮ ಕಡೆ ಈ ತಿಂಗಳು ಲಗ್ನ ಇಡುವವರೇ ಕಡಿಮೆ. ಒಳಗೆ ಒಬ್ಬರೂ ಇಲ್ಲ. ಆದರೂ ಬೆಳಗಾಗುವವರೆಗೂ ಆ ಎಂಟೂ ದೀಪ ಆಕಾಶಕ್ಕೆ ಉರಿದವು.

ಮೊದಲು ಸಮಾಧಾನ ಮಾಡಿಕೊಂಡೆ. ಧ್ರುವ ನಕ್ಷತ್ರ ಹುಡುಕಿದೆ. ನಮ್ಮ ಬಿಜಾಪುರ ಕಡೆ ಅದು ದಿಗಂತದಿಂದ 17 ಡಿಗ್ರಿಯಷ್ಟೇ ಮೇಲೆ. ಎದೆಮಟ್ಟ ಬೆಳೆದ ಜೋಳದಲ್ಲಿ ಕೂತರೆ ತೆನೆಗಳೇ ಅಡ್ಡ, ಹಾಗಾಗಿ ಬದುವಿನ ಮೇಲೆ ನಿಂತು ಟ್ರ್ಯಾಕರನ್ನು ಅದರ ದಿಕ್ಕಿಗೆ ಹೊಂದಿಸಿದೆ. ಚಳಿಗೆ ಬೆರಳು ಸೆಟೆದುಕೊಂಡಿದ್ದವು. ಆದರೆ ಈ ಚಳಿ ನನಗೆ ಬೇಕು. ಸೆನ್ಸರ್ ತಣ್ಣಗಿದ್ದಷ್ಟೂ ಚಿತ್ರದಲ್ಲಿ ಕಾಳುಕಾಳು ಕಡಿಮೆ. ಇಬ್ಬನಿ ಕೂರದ ಹಾಗೆ ಲೆನ್ಸಿಗೆ ಹೀಟರ್ ಪಟ್ಟಿ ಸುತ್ತಿ, ಪವರ್‌ಬ್ಯಾಂಕಿಗೆ ಜೋಡಿಸಿದೆ. ಒಂದೊಂದು ನಿಮಿಷದ ಫ್ರೇಮ್, ಒಂದರ ಹಿಂದೆ ಒಂದು. ಆಮೇಲೆ ಎಲ್ಲವನ್ನೂ ಒಂದರ ಮೇಲೊಂದು ಕೂಡಿಸುವುದು. ಚಿತ್ರ ಎರಡು ಪಟ್ಟು ಸ್ವಚ್ಛ ಆಗಬೇಕಾದರೆ ನಾಲ್ಕು ಪಟ್ಟು ಹೊತ್ತು ತೆಗೆಯಬೇಕು. ಆಕಾಶ ಬೆಳ್ಳಗಿದ್ದರೆ ಇನ್ನೂ ಜಾಸ್ತಿ.

ಹನ್ನೊಂದೂವರೆವರೆಗೆ ಚೆನ್ನಾಗಿಯೇ ಬಂತು. ಕೃತ್ತಿಕೆ ನೆತ್ತಿಯಿಂದ ಪಡುವಣಕ್ಕೆ ಜಾರಿತು ನೋಡಿ, ಆ ಬಿಳಿ ಮಬ್ಬಿನೊಳಗೆ ಹೊಕ್ಕಿತು. ಒಂದೊಂದು ಫ್ರೇಮೂ ಹಿಂದಿನದಕ್ಕಿಂತ ಮಸುಕು. ನಕ್ಷತ್ರಗಳು ಹೇಗೋ ಉಳಿಯುತ್ತವೆ. ಹೋಗುವುದು ಅವುಗಳ ಸುತ್ತ ಇರುವ ನೀಲಿ ಧೂಳು. ನನಗೆ ಬೇಕಿದ್ದದ್ದೇ ಅದು. ಆ ನಕ್ಷತ್ರಗಳು ಹುಟ್ಟಿದಾಗ ಉಳಿದ ಧೂಳಲ್ಲ ಅದು. ಸುಮಾರು 10 ಕೋಟಿ ವರ್ಷ ವಯಸ್ಸಿನ ಈ ಗುಂಪು ಸಾಗುವ ದಾರಿಯಲ್ಲಿ ಈಗ ಒಂದು ಧೂಳಿನ ಮೋಡ ಎದುರಾಗಿದೆ. ನಕ್ಷತ್ರಗಳ ಬೆಳಕು ಆ ಧೂಳಿಗೆ ತಾಗಿ ಚದುರಿ ನೀಲಿಯಾಗಿ ಕಾಣುತ್ತದೆ.

ದೀಪದ ಬಣ್ಣವನ್ನು ತಡೆಯುವ ಫಿಲ್ಟರ್ ಲೆನ್ಸಿಗೆ ಹಾಕು ಅಂತ ಗೆಳೆಯರು ಹೇಳುತ್ತಾರೆ. ಹಳೇ ಹಳದಿ ಸೋಡಿಯಂ ದೀಪ ಆಗಿದ್ದರೆ ಸ್ವಲ್ಪ ಉಪಯೋಗ ಆಗುತ್ತಿತ್ತು. ಬಿಳಿ ಎಲ್‌ಇಡಿಯಲ್ಲಿ ಎಲ್ಲಾ ಬಣ್ಣವೂ ಇದೆ, ನೀಲಿಯಂತೂ ತುಂಬಾ ಇದೆ. ಗಾಳಿಯಲ್ಲಿ ಜಾಸ್ತಿ ಚದುರುವುದೂ ನೀಲಿಯೇ. ಹಗಲು ಆಕಾಶ ನೀಲಿ ಕಾಣುವುದೂ ಅದಕ್ಕೇ ಅಲ್ವಾ? ಕೃತ್ತಿಕೆಯ ನೀಲಿಯನ್ನೂ ಮಂಟಪದ ನೀಲಿಯನ್ನೂ ಬೇರೆ ಮಾಡುವ ಗಾಜು ಎಲ್ಲೂ ಸಿಗುವುದಿಲ್ಲ.

ಕೃತ್ತಿಕೆಯ ಬೆಳಕು ಸುಮಾರು 440 ವರ್ಷ ದಾರಿ ಸವೆಸಿ ಬಂದದ್ದು. ಅದು ಹೊರಟಾಗ ಗೋಳಗುಮ್ಮಟ ಇನ್ನೂ ಎದ್ದಿರಲಿಲ್ಲ. ಅಷ್ಟು ದೂರ ಬಂದು, ನಮ್ಮ ಹೊಲಕ್ಕೆ ಇಳಿಯುವ ಹೊತ್ತಿಗೆ ಖಾಲಿ ಕಟ್ಟಡದ ದೀಪದಲ್ಲಿ ಮುಳುಗಿಹೋಯಿತು. ನನಗೆ ತಡೆಯಲಾಗಲಿಲ್ಲ.

ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ. ಆ ಸಿಟ್ಟಿನಲ್ಲಿ ಮಂಟಪದ ತನಕ ನಡೆದುಹೋಗಿ ವಾಚ್‌ಮನ್ ಮೇಲೆ ಕೂಗಾಡಿದೆ. ಅಪ್ಪನ ವಯಸ್ಸಿನ ಮನುಷ್ಯ. ಶಾಲು ಹೊದ್ದು ಬೆಂಕಿ ಕಾಯಿಸಿಕೊಳ್ಳುತ್ತಿದ್ದರು. "ಸರ, ಸ್ವಿಚ್ ನನ್ನ ಕೈಯಾಗ ಇಲ್ರಿ. ತಾನ ಹತ್ತತಾವ, ತಾನ ಆರತಾವ" ಅಂದರು. ನನಗೆ ಮುಖ ಎತ್ತಲಾಗಲಿಲ್ಲ. ಕೂಗಬೇಕಾದವರ ಮುಂದೆ ಕೂಗದೆ, ಚಳಿಯಲ್ಲಿ ಕೂತವರ ಮೇಲೆ ಕೂಗಿದೆ. ತಪ್ಪಾಯಿತು ಕಾಕಾ ಅಂದೆ. ಚಹಾ ಕಾಸಿ ಕೊಟ್ಟರು.

ಊರಿಗೆ ಬೆಳಕು ಬೇಡವೇ, ಹಾವು ಚೇಳು ಇಲ್ಲವೇ, ಹೆಣ್ಣುಮಕ್ಕಳು ಓಡಾಡುವುದು ಬೇಡವೇ ಅಂತ ಕೇಳುತ್ತೀರಿ. ಬೇಕು. ನಾನೂ ಟಾರ್ಚ್ ಇಲ್ಲದೆ ಹೊಲದಲ್ಲಿ ಕಾಲಿಡುವುದಿಲ್ಲ. ಆದರೆ ಹಾವು ನೆಲದ ಮೇಲೆ ಇರುತ್ತದೆ. ನಮ್ಮೂರಿನಿಂದ ಆ ಮಂಟಪಕ್ಕೆ ಹೋಗುವ ರಸ್ತೆಯಲ್ಲಿ ಒಂದು ಕಂಬಕ್ಕೂ ದೀಪ ಇಲ್ಲ. ಹೆಣ್ಣುಮಕ್ಕಳು ಓಡಾಡುವ ದಾರಿ ಕತ್ತಲು, ಗೋಡೆಗೆ ಎಂಟು ದೀಪ. ಹಾಗಾಗಿ ಭದ್ರತೆಯ ಮಾತನ್ನು ಈ ವಿಷಯದಲ್ಲಿ ನನ್ನ ಮುಂದೆ ಎತ್ತಬೇಡಿ. ನಾನು ಕೇಳುವುದು ದೀಪದ ಮುಖ ಕೆಳಗಿರಲಿ, ತಲೆಗೆ ಒಂದು ಮುಚ್ಚಳ ಇರಲಿ, ಬಣ್ಣ ಹಳದಿ ಇರಲಿ, ಜನ ಇಲ್ಲದಾಗ ಆರಲಿ ಅಂತ ಮಾತ್ರ. ಲಡಾಖಿನ ಹಾನ್ಲೆಯಲ್ಲಿ ಜನ ಇದನ್ನು ಮಾಡಿ ತೋರಿಸಿದ್ದಾರೆ. 2022ರಲ್ಲಿ ಆ ಜಾಗವನ್ನು ಕತ್ತಲ ಆಕಾಶದ ಮೀಸಲು ಪ್ರದೇಶ ಅಂತ ಘೋಷಿಸಿದರು. ಅಲ್ಲಿಯ ದೊಡ್ಡ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ. ಕತ್ತಲಿನ ಬೆಲೆ ನಮ್ಮ ರಾಜ್ಯಕ್ಕೆ ಗೊತ್ತಿಲ್ಲದ್ದೇನಲ್ಲ.

ಅಪ್ಪನಿಗೆ ಕೃತ್ತಿಕೆ ಅಂದರೆ ಮೊದಲು ಮಳೆ. ಮೇ ತಿಂಗಳ ಮಳೆ, ಅದರ ಹಿಂದೆ ರೋಹಿಣಿ ಮಳೆ, ಓಣಿಯೆಲ್ಲಾ ಜೋಳ. ಆ ದಿನಗಳಲ್ಲಿ ಸೂರ್ಯ ಅದೇ ನಕ್ಷತ್ರದಲ್ಲಿ ಇರುವುದರಿಂದ ಗುಂಪು ಕಣ್ಣಿಗೆ ಬೀಳುವುದಿಲ್ಲ. ಅದನ್ನು ಕಣ್ಣಾರೆ ನೋಡುವುದು ಈ ಚಳಿಯಲ್ಲೇ. ಬೆಳೆ ಕಾಯಲು ಹೊಲದಲ್ಲಿ ಮಲಗಿದಾಗ ಅಪ್ಪ ಗಡಿಯಾರ ಕಟ್ಟುತ್ತಿರಲಿಲ್ಲ. ಕೃತ್ತಿಕೆ ಎಷ್ಟು ವಾಲಿದೆ ನೋಡಿ ಹೊತ್ತು ಹೇಳುತ್ತಿದ್ದರು. ನನಗೆ ಆರು ಚುಕ್ಕೆ ಎಣಿಸಲು ಕಲಿಸಿದ್ದೂ ಅದೇ ಬದುವಿನ ಮೇಲೆ. ಮೊನ್ನೆ ಅಣ್ಣನ ಮಗಳು ಅಲ್ಲೇ ನಿಂತು ನಾಲ್ಕು ಎಣಿಸಿದಳು. "ಸಾಕು ಕಾಕಾ, ಮುಂದ ಕಾಣವಲ್ದು" ಅಂದಳು.

ಮಂಟಪದ ಮಾಲೀಕರ ಫೋನ್ ನಂಬರ್ ವಾಚ್‌ಮನ್ ಕಾಕಾ ಕೊಟ್ಟಿದ್ದಾರೆ. ನಾಳೆ ಮಾತಾಡುತ್ತೇನೆ, ಕೂಗದೆ. ದೀಪದ ಮುಚ್ಚಳದ ಖರ್ಚು ನಾನೇ ಕೊಡುತ್ತೇನೆ ಅಂತಲೂ ಹೇಳುತ್ತೇನೆ.

ಜೊತೆಗಿರುವ ಫೋಟೋ ಆ ರಾತ್ರಿಯದು. 200 ಎಂಎಂ ಲೆನ್ಸ್, 60 ಸೆಕೆಂಡಿನ 94 ಫ್ರೇಮ್. ಕೆಳಗೆ ಬಲ ಮೂಲೆಯಲ್ಲಿ ಬೆಳ್ಳಗೆ ಕಾಣುತ್ತಿದೆಯಲ್ಲ, ಅದು ಮೋಡ ಅಲ್ಲ.