ರಿಯರ್ ಶಾಕ್ ಸರ್ವೀಸ್: ಮನೆಯಲ್ಲಿ ಎಷ್ಟು, ಅಂಗಡಿಯಲ್ಲಿ ಎಷ್ಟು

ಮೌಂಟನ್ ಬೈಕಿನ ರಿಯರ್ ಶಾಕನ್ನು, ಅಂದರೆ ಹಿಂದಿನ ಚಕ್ರದ ಕುಲುಕಾಟ ತಡೆಯುವ ಭಾಗವನ್ನು, ಮನೆಯಲ್ಲಿ ಬಿಚ್ಚಲೇಬಾರದು ಎಂಬ ಮಾತು ನಮ್ಮ ಸೈಕಲ್ ಬಳಗಗಳಲ್ಲಿ ಆಗಾಗ ಕೇಳಿಬರುತ್ತದೆ. ಅದರಲ್ಲಿ ಅರ್ಧ ಮಾತ್ರ ನಿಜವೆಂದು ನನ್ನ ಅಭಿಪ್ರಾಯ. ಹೊರಗಿನ ಏರ್ ಕ್ಯಾನ್, ಅಂದರೆ ಗಾಳಿ ತುಂಬಿದ ಕೊಳವೆ, ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಒಳಗಿನ ಡ್ಯಾಂಪರ್ ಎಣ್ಣೆಯನ್ನು ಕಿರುದಾರಿಗಳಲ್ಲಿ ಹಾಯಿಸಿ ಆ ಸ್ಪ್ರಿಂಗಿನ ಕುಣಿತವನ್ನು ಹತೋಟಿಯಲ್ಲಿಡುತ್ತದೆ. ಮೊದಲನೆಯದನ್ನು ಸವಾರನೇ ನೋಡಿಕೊಳ್ಳಬೇಕು, ಎರಡನೆಯದಕ್ಕೆ ಕೈ ಹಾಕಬಾರದು.

ಏರ್ ಕ್ಯಾನ್ ಸರ್ವೀಸಿಗೆ ಶಾಕ್ ತಯಾರಿಸುವ ರಾಕ್‌ಶಾಕ್ಸ್ ಕಂಪನಿ ಹೇಳುವ ಅವಧಿ 50 ಗಂಟೆಗಳ ಸವಾರಿ. ಇದನ್ನು ಸೀಲ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರ) ಮಾರುವ ತಂತ್ರವೆಂದು ಗೊಣಗುವವರಿದ್ದಾರೆ. ಬೇಸಿಗೆಯಲ್ಲಿ ಬೆಂಗಳೂರಿನ ತುರಹಳ್ಳಿ ಕಾಡಿನ ಧೂಳು ಕುಡಿದ ಶಾಕನ್ನು ಒಮ್ಮೆ ಬಿಚ್ಚಿ ನೋಡಿದರೆ, ಬೂದುಬಣ್ಣದ ಅಂಟಾಗಿ ಹೋದ ಗ್ರೀಸೇ ಅವರಿಗೆ ಉತ್ತರ ಕೊಡುತ್ತದೆ. ಆ ಅಂಟಿನಲ್ಲಿ ಬೆರೆತ ಮರಳಿನ ಕಣಗಳು ಲೋಹದ ಮೇಲಿನ ಲೇಪನವನ್ನು ಉಜ್ಜಿ ತೆಗೆಯುತ್ತವೆ. ಹಾಗಾಗಿ ಸೀಲ್ ಕಿಟ್‌ಗೆ ದುಡ್ಡು ಹಾಕುವ ಮುನ್ನ ಶಾಕಿನ ಜಾರುವ ಮೈಯ ಮೇಲೆ ಉಗುರನ್ನು ಎಳೆದು ನೋಡಬೇಕು. ಗೀರಿಗೆ ಉಗುರು ಸಿಕ್ಕಿಕೊಂಡರೆ ಹೊಸ ಸೀಲ್ ಹಾಕಿಯೂ ಗಾಳಿ ನಿಲ್ಲುವುದು ಅನುಮಾನ.

ಬಿಚ್ಚುವಾಗ ಎಲ್ಲಕ್ಕಿಂತ ಮುಖ್ಯವಾದದ್ದು ಗಾಳಿ. ಕವಾಟವನ್ನು ಒತ್ತಿ ನಿಧಾನವಾಗಿ ಗಾಳಿ ಬಿಡುತ್ತಾ, ಶಾಕನ್ನು ಸ್ವಲ್ಪ ಸ್ವಲ್ಪವೇ ಕುಗ್ಗಿಸಿ ಬಿಡುತ್ತಿದ್ದರೆ ನೆಗೆಟಿವ್ ಕೋಣೆಯ, ಅಂದರೆ ಮುಖ್ಯ ಗಾಳಿಗೆ ಎದುರಾಗಿ ಒತ್ತುವ ಒಳಗಿನ ಚಿಕ್ಕ ಕೋಣೆಯ, ಗಾಳಿಯೂ ಹೊರಬರುತ್ತದೆ. ಗಾಳಿಯೆಲ್ಲ ಹೋದ ಮೇಲೂ ಶಾಕ್ ಕುಗ್ಗಿಯೇ ಉಳಿದು, ಕೈಯಿಂದ ಎಳೆದರೂ ಉದ್ದವಾಗದಿದ್ದರೆ, ಒಳಗಿನ ಸೀಲ್ ಸೋರಿ ನೆಗೆಟಿವ್ ಕೋಣೆಯಲ್ಲಿ ಒತ್ತಡ ಸಿಕ್ಕಿಬಿದ್ದಿದೆ ಎಂದು ತಿಳಿಯಬೇಕು. ಅಂಥ ಕ್ಯಾನನ್ನು ತಿರುಗಿಸಿದರೆ ಅದು ಹಾರಿ ಕೈ ಮುರಿಯಬಲ್ಲದು, ಆದ್ದರಿಂದ ಅದನ್ನು ಮುಟ್ಟದೆ ಅಂಗಡಿಗೇ ಒಯ್ಯಬೇಕು. ಎಲ್ಲವೂ ಸರಿಯಿದ್ದಾಗಲೂ ಶಾಕಿನ ತುದಿಯಲ್ಲಿ ಬೋಲ್ಟ್ ಹಾಕುವ ಕಣ್ಣಿನ ತೂತಿನಲ್ಲಿ ಒಂದು ಬಟ್ಟೆಯನ್ನು ತೂರಿಸಿಟ್ಟು ಕ್ಯಾನ್ ತಿರುಗಿಸುವುದು ಒಳ್ಳೆಯ ಅಭ್ಯಾಸ.

ಉಳಿದದ್ದು ತಾಳ್ಮೆಯ ಕೆಲಸ. ಹಳೆಯ ಓ-ರಿಂಗ್‌ಗಳನ್ನು ಎಬ್ಬಿಸಲು ಸೂಜಿ, ಸ್ಕ್ರೂಡ್ರೈವರ್ ಬಳಸಿದರೆ ರಿಂಗ್ ಕೂರುವ ತೋಡಿನ ಅಂಚಿಗೆ ಗೀರು ಬೀಳುತ್ತದೆ. ಬಿದಿರಿನ ಹಲ್ಲುಕಡ್ಡಿ ಸಾಕು, ಎಷ್ಟೋ ದುಬಾರಿ ಸಾಧನಗಳಿಗಿಂತ ಅದೇ ವಾಸಿ. ಬಿಚ್ಚಿದ ರಿಂಗ್‌ಗಳನ್ನು ತೆಗೆದ ಕ್ರಮದಲ್ಲೇ ಕಾಗದದ ಮೇಲೆ ಜೋಡಿಸಿಟ್ಟು, ಲೋಹವನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ತಯಾರಕರು ಹೇಳಿದ ಗ್ರೀಸನ್ನೇ ತೆಳುವಾಗಿ ಸವರಬೇಕು. ಗ್ಯಾರೇಜಿನ ಡಬ್ಬಿಯಲ್ಲಿರುವ ಲಿಥಿಯಂ ಗ್ರೀಸ್ ಇಲ್ಲಿಗೆ ಹೇಳಿದ್ದಲ್ಲ. ಸೀಟನ್ನು ಹಿಡಿದೆತ್ತಿದಾಗ ಟಕ್ಕೆಂದು ಸದ್ದು ಬರುತ್ತಿದ್ದರೆ ಅದು ಬಹಳ ಸಲ ಶಾಕನ್ನು ಬೈಕಿಗೆ ಜೋಡಿಸುವ ಕಡೆ ಇರುವ ಬುಶ್ ಎಂಬ ಚಿಕ್ಕ ಬಳೆಯ ಸವೆತ, ಗಾಳಿಗೂ ಎಣ್ಣೆಗೂ ಸಂಬಂಧವಿಲ್ಲ.

ಆದರೆ ಶಾಕಿನ ಜಾರುವ ಮೈಯ ಮೇಲೆ ಎಣ್ಣೆಯ ಉಂಗುರ ಮತ್ತೆ ಮತ್ತೆ ಕಾಣಿಸಿದರೆ, ಕುಗ್ಗಿಸಿದಾಗ ಪಚಪಚ ಸದ್ದು ಬಂದರೆ, ಕುಗ್ಗಿದ ಶಾಕ್ ಮರಳುವ ವೇಗವನ್ನು ಹೊಂದಿಸುವ ರೀಬೌಂಡ್ ಗುಂಡಿಯನ್ನು ಎಷ್ಟು ತಿರುಗಿಸಿದರೂ ಬೈಕ್ ಎಗರುತ್ತಲೇ ಇದ್ದರೆ ತೊಂದರೆಯಿರುವುದು ಡ್ಯಾಂಪರಿನಲ್ಲಿ. ಹೆಚ್ಚಿನ ಶಾಕ್‌ಗಳಲ್ಲಿ ಎಣ್ಣೆ ನೊರೆಯಾಗದಂತೆ ತಡೆಯಲು ತೇಲುವ ಪಿಸ್ಟನ್ನಿನ ಹಿಂದೆ ನೂರಾರು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಒತ್ತಡದಲ್ಲಿ ನೈಟ್ರೋಜನ್ ತುಂಬಿರುತ್ತಾರೆ. ಅದನ್ನು ಮತ್ತೆ ತುಂಬುವ ಸಿಲಿಂಡರ್, ಸೂಜಿ, ರೆಗ್ಯುಲೇಟರ್‌ಗಳನ್ನು ಒಂದು ಬೈಕಿಗಾಗಿ ಕೊಳ್ಳುವುದು ಬುದ್ಧಿವಂತಿಕೆಯಲ್ಲ. ಅಂಗಡಿಗೆ ಕೊಡುವಾಗ ಏರ್ ಕ್ಯಾನ್ ಸೀಲ್ ಯಾವಾಗ ಬದಲಾಯಿತೆಂದು ಚೀಟಿ ಬರೆದು ಕಟ್ಟಿದರೆ, ಮಾಡಿದ ಕೆಲಸಕ್ಕೇ ಮತ್ತೊಮ್ಮೆ ಬಿಲ್ ಬರುವುದು ತಪ್ಪುತ್ತದೆ.