ಕೆನ್ನೆಯ ಖರ್ಚುವೆಚ್ಚ

ನಮ್ಮ ಬಡಾವಣೆಯ ಸೂಪರ್ ಮಾರ್ಕೆಟಿನಲ್ಲಿ ಗೋಡಂಬಿ, ಏಲಕ್ಕಿ, ತುಪ್ಪದ ಡಬ್ಬಗಳೆಲ್ಲ ಕೈಗೆಟುಕುವಂತೆ ಸಾಲಾಗಿ ಕುಳಿತಿವೆ. ರೇಜರಿನ ಕಾರ್ಟ್ರಿಜ್‌ಗಳು ಮಾತ್ರ ಬಿಲ್ ಹಾಕುವ ಹುಡುಗಿಯ ಬೆನ್ನ ಹಿಂದೆ, ಗಾಜಿನ ಬಾಗಿಲೊಳಗೆ, ಬೀಗದ ಕಾವಲಿನಲ್ಲಿವೆ. ಬೇಕಾದವರು ಬಾಯಿಬಿಟ್ಟು ಕೇಳಬೇಕು. ಕೇಳಿದರೆ ಆಕೆ ಕೀಲಿಗೊಂಚಲು ತೆಗೆದು, ಒಮ್ಮೆ ನನ್ನ ಮುಖವನ್ನು ನೋಡಿ, ಆಮೇಲೆ ಬಾಗಿಲು ತೆರೆಯುತ್ತಾಳೆ. ಇಂಥ ಮುಖಕ್ಕೆ ಇಷ್ಟು ಖರ್ಚು ಬೇಕೇ ಎಂಬ ಪ್ರಶ್ನೆ ಆ ನೋಟದಲ್ಲಿರುತ್ತದೆ ಎಂಬುದು ನನ್ನ ಅನುಮಾನ. ನಾಲ್ಕು ಕಾರ್ಟ್ರಿಜ್‌ಗಳ ಒಂದು ಪೊಟ್ಟಣದ ದುಡ್ಡಿನಲ್ಲಿ ನಮ್ಮ ಮನೆಗೆ ಹೆಚ್ಚುಕಡಿಮೆ ಹದಿನೈದು ದಿನದ ಹಾಲು ಬರುತ್ತದೆ. ಹಾಲಾದರೆ ಮನೆಮಂದಿಗೆಲ್ಲ ಆಗುತ್ತದೆ, ಗಡ್ಡ ನನ್ನೊಬ್ಬನದು. ಹೀಗೆಂದು ನಾನು ಹೇಳಿದ್ದಲ್ಲ, ನನ್ನ ಹೆಂಡತಿ ಹೇಳಿದ್ದು.

ಬಳಸಿ ಬಿಸಾಡುವ ಈ ಸಂಪ್ರದಾಯದ ಮೂಲಪುರುಷ ಕಿಂಗ್ ಕ್ಯಾಂಪ್ ಜಿಲೆಟ್ ಎಂಬ ಅಮೆರಿಕದ ಸೇಲ್ಸ್‌ಮನ್. ಸೋಡಾ ಬಾಟಲಿಯ ತಗಡಿನ ಮುಚ್ಚಳ ಮಾರುವ ಕಂಪನಿಯಲ್ಲಿ ಅವನು ಕೆಲಸಕ್ಕಿದ್ದ. ಆ ಮುಚ್ಚಳವನ್ನು ಕಂಡುಹಿಡಿದ ವಿಲಿಯಂ ಪೇಂಟರ್, ಜನ ಒಮ್ಮೆ ಬಳಸಿ ಎಸೆದು ಮತ್ತೆ ಅಂಗಡಿಗೆ ಬರುವಂಥದ್ದೇನಾದರೂ ಯೋಚಿಸು ಎಂದು ಕಿವಿಮಾತು ಹೇಳಿದನಂತೆ. 1895ರ ಒಂದು ಬೆಳಿಗ್ಗೆ, ಕ್ಷೌರದ ಕತ್ತಿ ಮೊಂಡಾಗಿ ಕೈಕೊಟ್ಟಾಗ, ಜಿಲೆಟ್‌ಗೆ ತೆಳುವಾದ ಬ್ಲೇಡಿನ ಉಪಾಯ ಹೊಳೆಯಿತು. 1903ರಲ್ಲಿ ಮಾರಾಟ ಶುರುವಾದಾಗ ಇಡೀ ವರ್ಷ ಖರ್ಚಾದದ್ದು 51 ರೇಜರ್, 168 ಬ್ಲೇಡ್. 1904ರಲ್ಲಿ ಪೇಟೆಂಟ್ ಸಿಕ್ಕಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸರ್ಕಾರ ಸೈನಿಕರಿಗೆಂದು ಮೂವತ್ತೈದು ಲಕ್ಷ ರೇಜರ್ ಕೊಂಡಿತು. ಅಲ್ಲಿಗೆ ಪ್ರಪಂಚದ ಗಂಡಸರು ಸಿಕ್ಕಿಬಿದ್ದರು. ತಮಾಷೆಯೆಂದರೆ ಇದೇ ಮನುಷ್ಯ 1894ರಲ್ಲಿ ಒಂದು ಪುಸ್ತಕ ಬರೆದು, ಲೋಕದ ಕೇಡಿಗೆಲ್ಲ ವ್ಯಾಪಾರದ ಪೈಪೋಟಿಯೇ ಕಾರಣ, ಅದನ್ನು ತೊಲಗಿಸಿ ಅಮೆರಿಕದವರೆಲ್ಲ ನಯಾಗರ ಜಲಪಾತದ ಬಳಿ ಒಂದೇ ಮಹಾನಗರ ಕಟ್ಟಿಕೊಂಡು ಬಾಳಬೇಕು ಎಂದು ವಾದಿಸಿದ್ದ. ಆ ನಗರ ಏಳಲಿಲ್ಲ. ಬೀಗ ಹಾಕಿದ ಕಪಾಟು ಮಾತ್ರ ನಮ್ಮ ಬಡಾವಣೆಯವರೆಗೂ ಬಂತು.

ಪೈಪೋಟಿ ತೊಲಗಲಿಲ್ಲ ಎಂಬುದಕ್ಕೆ ಅಲಗುಗಳ ಲೆಕ್ಕವೇ ಸಾಕ್ಷಿ. 1971ರಲ್ಲಿ ಜೋಡಿ ಅಲಗಿನ ರೇಜರ್ ಬಂತು, 1998ರಲ್ಲಿ ಮೂರು ಅಲಗಿನದು. 2003ರಲ್ಲಿ ಎದುರಾಳಿ ಕಂಪನಿ ನಾಲ್ಕು ಅಲಗು ಇಟ್ಟಿತು. ಸುಮ್ಮನಿದ್ದರೆ ಮರ್ಯಾದೆ ಹೋದೀತೆಂದು ಜಿಲೆಟ್ ಕಂಪನಿ 2006ರಲ್ಲಿ ಐದು ಇಟ್ಟಿತು. ಒಂದರಿಂದ ಎರಡಾಗಲು ಅರವತ್ತೆಂಟು ವರ್ಷ, ನಾಲ್ಕರಿಂದ ಐದಾಗಲು ಬರೀ ಮೂರು. ಇದೇ ಓಟದಲ್ಲಿ ಹೋದರೆ ಮೊಮ್ಮಕ್ಕಳ ಕಾಲಕ್ಕೆ ರೇಜರ್ ಈಳಿಗೆಮಣೆಯಷ್ಟಾಗಿ, ಅದರ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಕೆನ್ನೆಯನ್ನೇ ತಿಕ್ಕಬೇಕಾದೀತು.

ಹಲವು ಅಲಗುಗಳ ಹಿಂದಿರುವ ತರ್ಕ ಇಷ್ಟು: ಮೊದಲನೆಯದು ಕೂದಲನ್ನು ಕೊಂಚ ಮೇಲಕ್ಕೆಳೆದು ಕತ್ತರಿಸುತ್ತದೆ; ಅದು ಮರಳಿ ಒಳಹೋಗುವ ಮುನ್ನ ಹಿಂದಿನದು ಇನ್ನಷ್ಟು ಬುಡಕ್ಕೆ ಕತ್ತರಿಸುತ್ತದೆ. ಕೇಳಲು ಚೆನ್ನಾಗಿದೆ. ನನ್ನದು ಗುಂಗುರು, ಒರಟು ಗಡ್ಡ. ಚರ್ಮದ ಕೆಳಗೆ ಸರಿದ ತುದಿ ಹೊರಗೆ ಬರುವ ದಾರಿ ಮರೆತು ಒಳಗೇ ಸುರುಳಿ ಸುತ್ತಿಕೊಳ್ಳುತ್ತದೆ. ಮೂರನೆಯ ದಿನ ಗಂಟಲ ಮೇಲೆ ಕೆಂಪು ಗುಳ್ಳೆಗಳ ಸಾಲು. ಹಾಲಿನ ದುಡ್ಡು ಕೊಟ್ಟು ಗುಳ್ಳೆ ಕೊಂಡು ತಂದ ಗಂಡಸು ಮನೆಯಲ್ಲಿ ತಲೆಯೆತ್ತಿ ಮಾತಾಡುವಂತಿಲ್ಲ. ತಲೆಯೆತ್ತಿದರೆ ಗಂಟಲು ಕಾಣುತ್ತದೆ.

ಅಪ್ಪನಿಗೆ ಈ ತಾಪತ್ರಯಗಳಿರಲಿಲ್ಲ. ಕಿಟಕಿಯ ಸರಳಿಗೆ ಕನ್ನಡಿ ತೂಗುಹಾಕಿ, ಬಚ್ಚಲ ಹಂಡೆಯಿಂದ ಒಂದು ಚೊಂಬು ಬಿಸಿನೀರು ತಂದು, ಎರಡು ಬದಿಗೂ ಅಲಗಿರುವ ಒಂದೇ ಬ್ಲೇಡಿನಲ್ಲಿ ಕೆಲಸ ಮುಗಿಸುತ್ತಿದ್ದರು. ಮುಗಿದ ಮೇಲೆ ಬ್ಲೇಡನ್ನು ಒರೆಸಿ, ಒಣಗಿಸಿ, ಅದೇ ಕಾಗದದಲ್ಲಿ ಸುತ್ತಿ, ಎಷ್ಟು ಸಲ ಬಳಸಿದ್ದಾಯಿತೆಂದು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದರು. ಮೊಂಡಾಯಿತೆನ್ನಿಸಿದರೆ ಗಾಜಿನ ಲೋಟದ ಒಳಮೈಗೆ ಒತ್ತಿ ಅತ್ತಿತ್ತ ತಿಕ್ಕಿ ಮತ್ತೆರಡು ಗೆರೆಗಳಷ್ಟು ಆಯಸ್ಸು ಕೊಡುತ್ತಿದ್ದರು. ಆ ಲೋಟದಲ್ಲಿ ನಾವ್ಯಾರೂ ನೀರು ಕುಡಿಯುತ್ತಿರಲಿಲ್ಲ.

ಹೀಗಾಗಿ ನಾನು ಅಪ್ಪನ ದಾರಿಗೇ ಮರಳಿದೆ. ಭಾರವಾದ ಲೋಹದ ರೇಜರ್ ಒಮ್ಮೆ ಕೊಂಡರೆ ಆಯಿತು. ಬ್ಲೇಡ್ ಈಗಲೂ ಎರಡು ಮೂರು ರೂಪಾಯಿಗೆ ಸಿಗುತ್ತದೆ, ನಾಲ್ಕೈದು ಶೇವ್ ಬರುತ್ತದೆ. ಆದರೆ ಅದನ್ನು ಹಿಡಿಯುವ ಕೈಗೆ ಶಿಸ್ತು ಬೇಕು. ಕಾರ್ಟ್ರಿಜ್ಜಿನ ತಲೆ ತಾನೇ ಓಲಾಡಿ ಕೆನ್ನೆಗೆ ಹೊಂದಿಕೊಳ್ಳುತ್ತದೆ. ಇದರಲ್ಲಿ ಓಲಾಡಬೇಕಾದವರು ನಾವು. ಚರ್ಮಕ್ಕೆ ಸುಮಾರು ಮೂವತ್ತು ಡಿಗ್ರಿ ಕೋನದಲ್ಲಿ ಹಿಡಿದು, ಒತ್ತದೆ, ರೇಜರಿನ ಭಾರಕ್ಕೇ ಬಿಡಬೇಕು. ಒತ್ತಿದಿರೋ, ರಕ್ತ.

ಅಲಗಿಗಿಂತ ನೀರು ದೊಡ್ಡದು ಎಂಬುದನ್ನು ನನಗೆ ಹೇಳಿದ್ದು ನಮ್ಮ ಬೀದಿಯ ಕ್ಷೌರದಂಗಡಿಯವರು. ಮಂಗಳವಾರ ಬಿಟ್ಟು ಉಳಿದ ದಿನಗಳಲ್ಲಿ ಅವರಿಗೆ ಎಲ್ಲರ ಕೆನ್ನೆಯೂ ಕಂಠಪಾಠ. ಒಂದೇ ಬ್ಲೇಡನ್ನು ಕಾಗದದ ಸಮೇತ ಮಡಿಸಿ ಎರಡು ತುಂಡು ಮಾಡಿ, ಅರ್ಧವನ್ನು ಕತ್ತಿಯ ಹಿಡಿಗೆ ಸಿಕ್ಕಿಸಿ ಒಬ್ಬರಿಗೆ, ಉಳಿದರ್ಧ ಇನ್ನೊಬ್ಬರಿಗೆ. ಮಿತವ್ಯಯದಲ್ಲಿ ಅಪ್ಪನನ್ನೂ ಮೀರಿಸಿದವರು. “ನೀವು ನೊರೆ ಬಂದ ಕೂಡಲೇ ಕತ್ತಿ ಹಾಕುತ್ತೀರಿ ಸಾರ್. ನೊರೆಯೇನು ನೋಡುವುದಕ್ಕಿದೆಯೇ? ಕೂದಲು ನೆನೆಯಬೇಕು” ಎಂದರು. ಅವರು ಬ್ರಷ್ ಆಡಿಸುತ್ತಲೇ ಟಿ.ವಿ.ಯಲ್ಲಿ ಒಂದು ಓವರ್ ನೋಡಿ ಮುಗಿಸುತ್ತಾರೆ. ಅಷ್ಟರಲ್ಲಿ ಗಡ್ಡ ಮೆತ್ತಗಾಗಿರುತ್ತದೆ. ಎರಡು ಮೂರು ನಿಮಿಷ ಬಿಸಿನೀರು ಕುಡಿದ ಕೂದಲು ಒಣ ಕೂದಲಿಗಿಂತ ಬಹಳ ಸುಲಭವಾಗಿ ತುಂಡಾಗುತ್ತದೆ. ಬ್ರಷ್ ಇದ್ದರೆ ಕಡಲೆಕಾಳಿನಷ್ಟು ಕ್ರೀಮ್ ಸಾಕು, ಮುಖ ತುಂಬ ನೊರೆ. ಮೊದಲು ಕೂದಲು ಮಲಗಿದ ದಿಕ್ಕಿಗೆ, ಬೇಕೆನಿಸಿದರೆ ಮತ್ತೆ ನೊರೆ ಹಚ್ಚಿ ಅಡ್ಡಕ್ಕೆ. ಗಂಟಲಲ್ಲಿ ಕೂದಲು ಯಾವ ದಿಕ್ಕಿಗೆ ಮಲಗಿದೆಯೆಂದು ಬೆರಳಾಡಿಸಿ ನೋಡಬೇಕು. ನನ್ನ ಗಂಟಲ ಎಡಭಾಗದಲ್ಲಿ ಅದು ಕಾವೇರಿಯ ಸುಳಿಯಂತೆ ತಿರುಗಿದೆ. ಕೊನೆಗೆ ತಣ್ಣೀರು, ಪಟಿಕದ ಕಲ್ಲು.

ಇಷ್ಟು ಮೆತ್ತಗಿನ ಕೂದಲು ಉಕ್ಕಿನ ಬ್ಲೇಡನ್ನು ಹೇಗೆ ಕೆಡಿಸುತ್ತದೆ ಎಂದು ಅಮೆರಿಕದ ಎಂಐಟಿ ಸಂಸ್ಥೆಯವರಿಗೂ ಕುತೂಹಲ ಹುಟ್ಟಿ, ಅಲ್ಲಿನ ಸಂಶೋಧಕರೊಬ್ಬರು ತಮ್ಮ ಗಡ್ಡವನ್ನೇ ಬೋಳಿಸಿಕೊಂಡು ಬ್ಲೇಡುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದರು. ಉಕ್ಕು ಕೂದಲಿಗಿಂತ ಸುಮಾರು ಐವತ್ತು ಪಟ್ಟು ಗಟ್ಟಿ. ಆದರೂ ಕೂದಲು ಓರೆಯಾಗಿ ಬಾಗಿ, ಉಕ್ಕಿನ ಒಳರಚನೆ ಏಕರೂಪವಾಗಿಲ್ಲದ ಕಡೆ ತಗುಲಿದರೆ, ಅಲಗಿನ ಅಂಚು ಚೂರೇ ಚೂರು ಒಡೆಯುತ್ತದಂತೆ. 2020ರಲ್ಲಿ ಪ್ರಕಟವಾದ ಸಂಗತಿ. ಅವರು ಗಡ್ಡ ಬೋಳಿಸಿ ಕೀರ್ತಿ ಪಡೆದರು. ನಾನು ಅದೇ ಕೆಲಸಕ್ಕೆ ಅರ್ಧ ಗಂಟೆ ಬಚ್ಚಲು ಹಿಡಿದರೆ ಬಾಗಿಲು ಬಡಿಯುತ್ತಾರೆ.

ಆ ಸಂಶೋಧಕರಿಗೊಂದು ಅನುಕೂಲವಿತ್ತು: ಅವರ ಬ್ಲೇಡನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಕಾರ್ಟ್ರಿಜ್ ಇದ್ದಾಗ ನಮ್ಮ ಮನೆಯಲ್ಲಿಯೂ ಯಾರೂ ಅದರ ತಂಟೆಗೆ ಬರುತ್ತಿರಲಿಲ್ಲ. ಬಿಡಿ ಬ್ಲೇಡ್ ಬಂದದ್ದೇ ತಡ, ಅದು ಅವಿಭಕ್ತ ಕುಟುಂಬದ ಆಸ್ತಿಯಾಯಿತು. ರವಿಕೆಯ ಹೊಲಿಗೆ ಬಿಚ್ಚಲು ಬ್ಲೇಡ್. ಸ್ಟೀಲ್ ಡಬ್ಬಕ್ಕೆ ಅಂಟಿದ ಬೆಲೆಚೀಟಿ ಕೆರೆಯಲು ಬ್ಲೇಡ್. ಮಗಳ ಪ್ರಾಜೆಕ್ಟ್‌ನ ಥರ್ಮೊಕೋಲ್ ಕತ್ತರಿಸಲು ಬ್ಲೇಡ್. ಅತ್ತೆಯವರು ಬಂದಿದ್ದಾಗ ಕಾಲಿನ ಆಣಿಗೂ ಅದೇ ಆಯಿತು. ಬಳಸಿಕೊಳ್ಳಲಿ, ಬೇಡವೆನ್ನುವುದಿಲ್ಲ. ಆದರೆ ಕೆಲಸ ಮುಗಿದ ಮೇಲೆ ಅದನ್ನು ಮತ್ತೆ ಕಾಗದದಲ್ಲಿ ಹೊಸದರಂತೆ ಅಚ್ಚುಕಟ್ಟಾಗಿ ಸುತ್ತಿ ಪೊಟ್ಟಣದೊಳಗೇ ಇಡುವ ಸಂಸ್ಕಾರ ನಮ್ಮವರದು. ಯಾವುದು ಕನ್ಯೆ, ಯಾವುದು ಥರ್ಮೊಕೋಲ್ ಕಂಡದ್ದು ಎಂಬುದು ಮರುದಿನ ಗದ್ದದ ತಿರುವಿನಲ್ಲಿಯೇ ತಿಳಿಯಬೇಕು. ನಾನು ಕೂಗಿದರೆ ಒಳಗಿನಿಂದ “ಎರಡು ರೂಪಾಯಿಯ ಬ್ಲೇಡಿಗೆ ಇಷ್ಟು ಗಲಾಟೆಯೇ?” ಎಂಬ ಉತ್ತರ. ಅಗ್ಗದ ವಸ್ತುವಿನ ಮೇಲೆ ಯಜಮಾನಿಕೆ ಸಾಧಿಸುವುದು ಬಹಳ ಕಷ್ಟ.

ಊರು ಬಿಟ್ಟರೆ ಬೇರೆ ಪಾಡು. ವಿಮಾನದ ಕೈಚೀಲದಲ್ಲಿ ಬಿಡಿ ಬ್ಲೇಡ್ ಒಯ್ಯುವಂತಿಲ್ಲ. ಸೋದರಸಂಬಂಧಿಯ ಮದುವೆಗೆ ಹೀಗೆ ಬರಿಗೈಯಲ್ಲಿ ಇಳಿದೆ. ಬೆಳಿಗ್ಗೆ ಆರಕ್ಕೆ ಮುಹೂರ್ತ, ನಾಲ್ಕಕ್ಕೆ ಕಲ್ಯಾಣ ಮಂಟಪದ ಒಂದೇ ಕನ್ನಡಿಯ ಮುಂದೆ ಇಡೀ ಗೋತ್ರದ ಗಂಡಸರು. ಬಿಸಿನೀರು ಬೀಗರ ಕಡೆಯವರಿಗೆ ಮೀಸಲು. ಎದುರಿನ ಪೆಟ್ಟಿಗೆ ಅಂಗಡಿಯಿಂದ ಹಿಂದಿನ ರಾತ್ರಿ ತರಿಸಿಟ್ಟಿದ್ದ ಪ್ಲಾಸ್ಟಿಕ್ ರೇಜರ್, ಮೈಸೋಪಿನ ನೊರೆ, ಹಿಂದಿನಿಂದ ಚಿಕ್ಕಪ್ಪನ “ಬೇಗ ಮುಗಿಸು, ನಾದಸ್ವರದವರು ಬಂದರು” ಎಂಬ ಒತ್ತಾಯ. ನೆನೆಸುವುದೆಲ್ಲಿಂದ ಬಂತು! ಗದ್ದದಲ್ಲಿ ಕುಯ್ದದ್ದಕ್ಕೆ ಯಾರೋ ಪತ್ರಿಕೆಯ ಚೂರು ಹರಿದು ಅಂಟಿಸಿದರು. ಅಕ್ಷತೆ ಹಾಕುವ ಹೊತ್ತಿಗೆ ಅದು ಮರೆತೇ ಹೋಗಿತ್ತು. ಆಲ್ಬಂನಲ್ಲಿ ದಂಪತಿಗಳ ಪಕ್ಕ ನಾನು ನಗುತ್ತ ನಿಂತಿದ್ದೇನೆ. ಗದ್ದದ ಮೇಲೆ ‘ಬಾಡಿಗೆಗೆ ಇದೆ’ ಎಂದು ಸ್ಪಷ್ಟವಾಗಿ ಓದಬಹುದು. ಛಾಯಾಗ್ರಾಹಕರ ಕ್ಯಾಮೆರಾ ಒಳ್ಳೆಯದಿತ್ತು.

ನನ್ನ ಉಳಿತಾಯವನ್ನೆಲ್ಲ ಮಗ ಗಡ್ಡ ಬಿಟ್ಟು ಸರಿದೂಗಿಸಿದ್ದಾನೆ. ಗಡ್ಡ ಬಿಟ್ಟರೆ ಖರ್ಚಿಲ್ಲವೆಂಬುದು ನಮ್ಮ ಕಾಲದ ತಿಳಿವಳಿಕೆ. ಅವನ ಗಡ್ಡಕ್ಕೆ ಬೇರೆ ಎಣ್ಣೆ, ಬೇರೆ ಶಾಂಪೂ, ಮರದ ಪುಟ್ಟ ಬಾಚಣಿಗೆ, ಟ್ರಿಮ್ಮರ್. ನನ್ನ ವರ್ಷದ ಬ್ಲೇಡಿನ ಬಾಬತ್ತು ಅವನ ಒಂದು ಎಣ್ಣೆ ಸೀಸೆಯ ಮುಚ್ಚಳಕ್ಕೂ ಸಾಲದು.

ಮೊನ್ನೆ ಶುಕ್ರವಾರ ಅವನಿಗೆ ಲ್ಯಾಪ್‌ಟಾಪಿನಲ್ಲೇ ಕೆಲಸದ ಸಂದರ್ಶನ. ಗಡ್ಡ ತೆಗೆದರೆ ಒಳ್ಳೆಯದೆಂದು ಯಾರೋ ಸ್ನೇಹಿತ ಹೇಳಿದ್ದನಂತೆ. ಟ್ರಿಮ್ಮರ್ ಆಡಿಸಿ, ಉಳಿದದ್ದಕ್ಕೆ ನನ್ನ ರೇಜರ್ ಕೇಳಿದ. ಬಿಸಿನೀರು, ಕೋನ, ಭಾರ ಎಂದು ನಾನು ಬಾಗಿಲ ಹೊರಗಿನಿಂದ ಪಾಠ ಶುರುಮಾಡುವಷ್ಟರಲ್ಲಿ ಒಳಗಿನಿಂದ “ಅಮ್ಮಾ, ಪೇಪರ್!” ಎಂಬ ಕೂಗು ಬಂತು. ದಿನಪತ್ರಿಕೆಯನ್ನು ಮೊಬೈಲಿನಲ್ಲೇ ಓದಿದರಾಯಿತೆಂದು ನನ್ನ ಹೆಂಡತಿ ಕಳೆದ ವರ್ಷವೇ ನಿಲ್ಲಿಸಿದ್ದಳು. ಅವಳು ಗೋಡೆಯ ಮೇಲಿನ ದಿನದರ್ಶಿಯಿಂದ ಆ ದಿನದ ಹಾಳೆಯನ್ನೇ ಕಿತ್ತು, ಒಂದು ಚೂರು ಹರಿದು ಕೊಟ್ಟಳು. ಮಗ ಅದನ್ನು ಅಂಟಿಸಿಕೊಂಡು ಅವಸರದಲ್ಲಿ ಕ್ಯಾಮೆರಾದ ಮುಂದೆ ಹೋಗಿ ಕುಳಿತ. ಅತ್ತಲಿನವರಿಗೆ ಕನ್ನಡ ಓದಲು ಬರುತ್ತಿತ್ತೋ ಇಲ್ಲವೋ. ಅವನ ಗದ್ದದ ಮೇಲೆ ‘ರಾಹುಕಾಲ 10.30ರಿಂದ 12’ ಎಂದಿತ್ತು. ಸಂದರ್ಶನ ಹನ್ನೊಂದಕ್ಕೆ.