ಸಾಕ್ಸಿನ ಮೇಲೆ ಎರಡು ಗೆರೆ

ಶಾಲೆ ಶುರುವಾಗಲು ನಾಲ್ಕು ದಿನ ಇದೆ ಅನ್ನುವಾಗ ಮಗಳ ಶಾಲೆಯಿಂದ ಮೆಸೇಜು ಬಂತು. ಈ ವರ್ಷದಿಂದ ಸಾಕ್ಸಿನ ಮೇಲೆ ಒಂದಲ್ಲ, ಎರಡು ನೀಲಿ ಗೆರೆ ಇರಬೇಕಂತೆ. ನನಗೆ ಖುಷಿಯೇ ಆಯಿತು. ಭಿನ್ನರಾಶಿ ತಲೆಗೆ ಹತ್ತದೆ ಮಗು ವರ್ಷವಿಡೀ ಒದ್ದಾಡಿತ್ತು. ದೋಷ ಕಾಲಲ್ಲಿದೆ ಅಂತ ಈಗ ಗೊತ್ತಾಯಿತು.

ಎರಡು ಗೆರೆಯ ಸಾಕ್ಸು ಊರಿಗೆಲ್ಲ ಸಿಗೋದು ಒಂದೇ ಕಡೆ. ಶಾಲೆಯ ಹಿಂದಿನ ಕೋಣೆಯಲ್ಲಿ. ಒಂದು ಜೊತೆಗೆ 180 ರೂಪಾಯಿ, ಚಿಲ್ಲರೆ ನೀವೇ ತರಬೇಕು. ಕ್ಯೂನಲ್ಲಿ ನಿಂತವರು ದೇವರ ದರ್ಶನಕ್ಕೆ ಬಂದವರಷ್ಟು ಶಾಂತವಾಗಿದ್ದರು. ಸೋಮವಾರ ಚೆಕ್ಸು, ಬುಧವಾರ ಹೌಸ್ ಟೀ ಶರ್ಟು, ಶನಿವಾರ ಬಿಳಿ. ಮಗಳು ಹೋದ ವರ್ಷ ಹಸಿರು ಹೌಸು, ಈ ವರ್ಷ ಹಳದಿ. ಶಾಸಕರು ಪಕ್ಷ ಬದಲಿಸಿದರೆ ದುಡ್ಡು ಬರುತ್ತೆ ಅಂತಾರೆ. ಇಲ್ಲಿ ಪಕ್ಷಾಂತರದ ಖರ್ಚು ಅಪ್ಪನದೇ.

ಇನ್ನು ಆ ಟೈ. ಗಂಟು ಹಾಕಿಕೊಂಡೇ ಹುಟ್ಟಿದ ಟೈ ಅದು, ಹಿಂದೆ ಎಲಾಸ್ಟಿಕ್ಕು. ಜೂನಿನಲ್ಲಿ ಕತ್ತು ಹಿಸುಕುತ್ತೆ, ದಸರಾ ಹೊತ್ತಿಗೆ ಹೊಟ್ಟೆಗೆ ಇಳಿದಿರುತ್ತೆ. ತುದಿ ಚೀಪಿ ಚೀಪಿ ಗಟ್ಟಿಯಾಗಿರುತ್ತೆ, ನಡುವೆ ಚಿತ್ರಾನ್ನದ ಅರಿಶಿನ. ಬೆಂಗಳೂರಿನಲ್ಲಿ ಐಟಿ ಕಂಪನಿಯ ಮ್ಯಾನೇಜರು ಮನೆಯಲ್ಲಿ ಚಡ್ಡಿ ಹಾಕ್ಕೊಂಡು ಕೋಟಿಗಟ್ಟಲೆ ಲೆಕ್ಕ ಮಾತಾಡ್ತಾನೆ. ರಾಯಚೂರಿನ ಮಾರ್ಚ್ ಬಿಸಿಲಲ್ಲಿ ಒಂದನೇ ಕ್ಲಾಸಿನ ಮಗು ಟೈ ಕಟ್ಟಿಕೊಂಡು ಕಾಗುಣಿತ ಬರೆಯುತ್ತೆ. ಶಿಸ್ತು ಯಾರಿಗೆ ಬೇಕು ಅಂತ ನಾವು ಸರಿಯಾಗಿಯೇ ಗುರುತಿಸಿದ್ದೇವೆ.

2022ರಲ್ಲಿ ಹಿಜಾಬ್ ಗಲಾಟೆ ನಡೆದಾಗ ಇಡೀ ರಾಜ್ಯವೇ ಸಮವಸ್ತ್ರ ಕಾನೂನಿನ ಪಂಡಿತರಿಂದ ತುಂಬಿಹೋಗಿತ್ತು. ಸಲೂನಿನಲ್ಲೂ 1983ರ ಶಿಕ್ಷಣ ಕಾಯ್ದೆ, 1995ರ ನಿಯಮಗಳು. ಆ ನಿಯಮಗಳಲ್ಲಿ 11ನೆಯದನ್ನು ಯಾರಾದರೂ ಪೂರ್ತಿ ಓದಿದ್ದರಾ? ಶಾಲೆ ಒಮ್ಮೆ ಗೊತ್ತು ಮಾಡಿದ ಸಮವಸ್ತ್ರವನ್ನು ಐದು ವರ್ಷ ಬದಲಿಸುವಂತಿಲ್ಲ. ಬದಲಿಸೋದಾದರೆ ಒಂದು ವರ್ಷ ಮೊದಲೇ ಪೋಷಕರಿಗೆ ನೋಟಿಸು ಕೊಡಬೇಕು. ನಾನು ಕೌಂಟರಿನಲ್ಲಿ ಇದನ್ನು ಮೆಲ್ಲಗೆ ಹೇಳಿದೆ. "ಸರ್, ಸಾಕ್ಸು ಯೂನಿಫಾರ್ಮ್ ಅಲ್ಲ, ಆಕ್ಸೆಸರಿ" ಅಂದರು. ಹಾಗಾದರೆ ಹಾಕದೆ ಕಳಿಸಬಹುದಾ ಅಂದೆ. "ಯೂನಿಫಾರ್ಮ್ ಕಡ್ಡಾಯ ಸರ್." ಹಿಂದಿನವರು ನನ್ನನ್ನು ದುರುಗುಟ್ಟಿ ನೋಡಿದರು. ಅವರಿಗೆ ಆಫೀಸಿಗೆ ಲೇಟಾಗುತ್ತಿತ್ತು.

ಎಲ್ಲ ಮಕ್ಕಳೂ ಸಮಾನರಾಗಿ ಕಾಣಲಿ ಅಂತ ಸಮವಸ್ತ್ರ, ಅಲ್ವಾ? ಸರ್ಕಾರಿ ಶಾಲೆಯ ಮಗುವಿನ ಎರಡು ಜೊತೆ ಬಟ್ಟೆಗೆ ಕೇಂದ್ರದ ಲೆಕ್ಕದಲ್ಲಿ ವರ್ಷಕ್ಕೆ 600 ರೂಪಾಯಿ. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ಕ್ಲಾಸಿನವರಿಗೆ ಒಂದು ಜೊತೆ ಶೂ, ಎರಡು ಜೊತೆ ಸಾಕ್ಸು ಎಲ್ಲ ಸೇರಿ 265 ಅಂತ ವರ್ಷಗಟ್ಟಲೆ ಕೊಟ್ಟರು. ನನ್ನ ಮಗಳ ಸಾಕ್ಸೇ ಎರಡು ಜೊತೆಗೆ 360.

ಸರ್ಕಾರಿ ಶಾಲೆಯ ಮಗುವಿನ ಆ ಎರಡನೇ ಜೊತೆ ಬಟ್ಟೆಗಾಗಿ 2019ರಲ್ಲಿ ಕೊಪ್ಪಳ ಜಿಲ್ಲೆಯ ಹುಡುಗನೊಬ್ಬನ ಹೆಸರಲ್ಲಿ ಹೈಕೋರ್ಟಿಗೆ ಹೋಗಬೇಕಾಯಿತು. ಕೊಡಿ ಅಂತ ಕೋರ್ಟು ಹೇಳಿತು. 2023ರಲ್ಲೂ ಅದೇ ವಿಷಯಕ್ಕೆ ಸರ್ಕಾರ ಅಲ್ಲಿ ಬೈಸಿಕೊಳ್ಳುತ್ತಿತ್ತು. ಇದರಲ್ಲಿ ತಮಾಷೆ ಮಾಡೋಕೆ ನನಗೆ ಏನೂ ಸಿಗುತ್ತಿಲ್ಲ. ಇರುವ ಒಂದೇ ಅಂಗಿಯನ್ನು ರಾತ್ರಿ ಒಗೆದು, ಮಳೆಗಾಲದಲ್ಲಿ ಒಲೆಯ ಮೇಲೆ ಹರವಿ, ಬೆಳಿಗ್ಗೆ ಹಸಿ ಕಂಕುಳಲ್ಲೇ ಪ್ರಾರ್ಥನೆಗೆ ನಿಲ್ಲುವ ಮಗುವಿಗೆ ಒಂದು ತುಂಡು ಬಟ್ಟೆ ಕೊಡೋಕೆ ಕೋರ್ಟು ಬೇಕಾ? ನಾಚಿಕೆ ಆಗಬೇಕು ನಮಗೆ.

ಇರಲಿ. ಪಕ್ಕದ ಮನೆಯ ತಾಯಿ ಜಾಣೆ. ಹಳೆಯ ಸಾಕ್ಸಿನ ಮೇಲೆ ಸ್ಕೆಚ್ ಪೆನ್ನಲ್ಲಿ ಎರಡನೇ ಗೆರೆ ಎಳೆದು ಕಳಿಸಿದರು. ಸ್ಕೇಲಿಟ್ಟು ಎಳೆದಿದ್ದರು, ಒರಿಜಿನಲ್‌ಗಿಂತ ನೇರವಾಗಿತ್ತು. ಎರಡನೇ ದಿನ ಮಳೆ ಬಂತು. ಸಂಜೆ ಹುಡುಗ ನೀಲಿ ಪಾದ ಇಟ್ಟುಕೊಂಡು ಮನೆಗೆ ಬಂದ, ಥೇಟ್ ಹರಿಕಥೆಯ ಕೃಷ್ಣ. ಡೈರಿಯಲ್ಲಿ ಮಿಸ್ ಕೆಂಪು ಇಂಕಿನಲ್ಲಿ ಬರೆದಿದ್ದರು: ನಾಳೆಯಿಂದ ಕಾಲು ತೊಳೆದು ಕಳಿಸಿ.